ಎಲೆಯ ಮೇಲೆ ಕೋಸಂಬರಿಯ ಜಾಗ

ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥ ಕನ್ನಡಿಗರಿಗೆ ನಲವತ್ತು ದಾಟಿದ ಮೇಲೆ ಬರುವ ಸುದ್ದಿಗಳಲ್ಲಿ ಮಧುಮೇಹವೂ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಆದ್ದರಿಂದ ಸುದ್ದಿಯಲ್ಲಿ ಅಪೂರ್ವವಾದದ್ದೇನಿಲ್ಲ. ನಮ್ಮನ್ನು ಕಂಗೆಡಿಸುವುದು ಅದರ ಜೊತೆಗೆ ಕೈಗೆ ಬರುವ ಆಹಾರಪಟ್ಟಿ. ಬೆಳಿಗ್ಗೆ ದಲಿಯಾ, ಮಧ್ಯಾಹ್ನ ಎರಡು ಫುಲ್ಕಾ, ಸಂಜೆ ಹುರಿಗಡಲೆ, ರಾತ್ರಿ ಮತ್ತೆರಡು ಫುಲ್ಕಾದೊಡನೆ ಸೋರೆಕಾಯಿ. ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಸಾರು, ಹುಳಿ, ತೊವ್ವೆ, ಮುದ್ದೆ, ಉಪ್ಪಿಟ್ಟುಗಳ ಸುಳಿವೇ ಅಲ್ಲಿಲ್ಲ. ಪರಸ್ಥಳದಲ್ಲಿ ಅಡುಗೆಮನೆಯೊಂದರಲ್ಲೇ ಊರನ್ನು ಉಳಿಸಿಕೊಂಡವರಿಗೆ ಇದು ಸಣ್ಣ ಮಾತಲ್ಲ. ಎರಡು ತಿಂಗಳು ಪಟ್ಟಿಯನ್ನು ಶ್ರದ್ಧೆಯಿಂದ ಪಾಲಿಸಿ, ಮೂರನೆಯ ತಿಂಗಳು ಪಟ್ಟಿಯ ಜೊತೆಗೆ ಮಾತ್ರೆಯನ್ನೂ ಬದಿಗಿಟ್ಟವರು ನಮ್ಮ ನಡುವೆ ಇದ್ದಾರೆ.

ಬದುಕಿರುವಷ್ಟು ಕಾಲ ಜೊತೆಗಿರುವ ಕಾಯಿಲೆಗೆ ಬದುಕಿರುವಷ್ಟು ಕಾಲ ತಿನ್ನಬಲ್ಲ ಊಟವೇ ಬೇಕು. ಅದು ನಮ್ಮ ಎಲೆಯಿಂದಲೇ ಹುಟ್ಟಬೇಕೆಂಬುದು ನಮ್ಮ ವಾದ.

ಮೊದಲ ತೊಡಕು ಹೆಸರಿನದು. ‘ಸಕ್ಕರೆ ಕಾಯಿಲೆ’ ಎಂದೊಡನೆ ನಾವು ಕಾಫಿಯ ಸಕ್ಕರೆಯನ್ನು ಬಿಟ್ಟು, ಅನ್ನದ ರಾಶಿಯನ್ನು ಹಾಗೆಯೇ ಇಟ್ಟುಕೊಳ್ಳುತ್ತೇವೆ. ಸಿಹಿ ತಿಂದವನಿಗೆ ಸಿಕ್ಕ ಶಿಕ್ಷೆಯೆಂಬ ಧ್ವನಿಯೂ ಆ ಹೆಸರಿಗಿದೆ. ರೋಗಕ್ಕೆ ಅಂಟಿಕೊಳ್ಳುವ ರೂಪಕಗಳು ರೋಗಿಗೆ ಹೊರೆಯಾಗುವ ಬಗೆಯನ್ನು ಸೂಸನ್ ಸಾಂಟ್ಯಾಗ್ 1978ರಲ್ಲಿಯೇ ಕ್ಷಯ, ಕ್ಯಾನ್ಸರುಗಳ ಸಂದರ್ಭದಲ್ಲಿ ವಿವರಿಸಿದ್ದರು. ನಮ್ಮಲ್ಲಿ ರೂಪಕವು ಕಾಯಿಲೆಯ ಹೆಸರಿನೊಳಗೇ ಕುಳಿತಿದೆ. ವಂಶ, ವಯಸ್ಸು, ಹೊಟ್ಟೆಯ ಬೊಜ್ಜು, ದಿನವಿಡೀ ಕಡತಗಳ ಮುಂದೆ ಕೂರುವ ಕೆಲಸ ಇವೆಲ್ಲವೂ ಕಾರಣವಾಗಿರುವಾಗ ಆರೋಪ ಮಾತ್ರ ಮೈಸೂರು ಪಾಕಿನ ಮೇಲೆ.

ಎರಡನೆಯದು ಊರಿನ ಮೇಲಿನ ಮೋಹ. ರಾಗಿ ತಿಂದರೆ ಸಕ್ಕರೆ ಏರದು, ಬೆಲ್ಲವಾದರೆ ಪರವಾಗಿಲ್ಲ ಎಂಬ ಮಾತುಗಳು ಊರಿನಿಂದ ಫೋನಿನಲ್ಲಿ ಬರುತ್ತಲೇ ಇರುತ್ತವೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚೆಂಬುದು ನಿಜ. ಆದರೂ ಅದರ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯಂತೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮುದ್ದೆಗೂ ಅಳತೆ ಬೇಕು. ಬೆಲ್ಲವಂತೂ ಬಣ್ಣ ಬದಲಿಸಿದ ಸಕ್ಕರೆಯೇ. ಹಾಗಲಕಾಯಿಯನ್ನು ಪ್ರೀತಿಯಿಂದ ತಿನ್ನೋಣ, ಮಾತ್ರೆಯ ಬದಲಿಗಲ್ಲ.

ಹಾಗಾದರೆ ಎಲೆಯಲ್ಲಿ ಏನಿದೆ? ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಬೇಳೆಕಾಳು ಇಲ್ಲವೇ ಮೊಟ್ಟೆ ಮೀನು, ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ರೊಟ್ಟಿ ಎಂಬುದು ಆಹಾರತಜ್ಞರು ಸಾಮಾನ್ಯವಾಗಿ ಹೇಳುವ ಲೆಕ್ಕ. ತರಕಾರಿ, ಪ್ರೋಟೀನುಗಳನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆಂದು ಅಧ್ಯಯನಗಳೂ ತೋರಿಸಿವೆ. ಈಗ ನಮ್ಮ ಪಂಕ್ತಿಯನ್ನು ನೋಡಿ. ಹೆಸರುಬೇಳೆಯ ಕೋಸಂಬರಿ, ಹುರುಳಿಕಾಯಿ ಪಲ್ಯ, ಗೊಜ್ಜು ಎಲ್ಲವೂ ಅನ್ನಕ್ಕಿಂತ ಮೊದಲೇ ಎಲೆಗೆ ಬರುತ್ತವೆ. ಬರುತ್ತವೆ ನಿಜ, ಆದರೆ ಚಮಚದಷ್ಟು. ಅನ್ನ ಬಂದು ತುಪ್ಪ ಬೀಳುವವರೆಗೆ ನಾವು ಕೈಯನ್ನೂ ಇಡುವುದಿಲ್ಲ. ಆ ಚಮಚವನ್ನು ಬಟ್ಟಲು ಮಾಡಿ, ಕಾಯುವ ಹೊತ್ತಿನಲ್ಲಿ ಅದನ್ನೇ ತಿಂದು ಮುಗಿಸಿದರೆ ಸಾಕು, ಅನ್ನದ ರಾಶಿ ತಾನಾಗಿ ಕುಗ್ಗುತ್ತದೆ. ಹುಳಿಯಲ್ಲಿ ಬೇಳೆ ತರಕಾರಿಗಳು ತಿಳಿಗಿಂತ ಹೆಚ್ಚಿರಲಿ.

ಹಬ್ಬದ ಒಂದು ದಿನಕ್ಕಾಗಿ ಇಷ್ಟು ಹೆದರಬೇಕಿಲ್ಲ ಎಂದೂ ಹೇಳಬೇಕು. ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅದನ್ನು ನಿರ್ಧರಿಸುವುದು ಯುಗಾದಿಯ ಹೋಳಿಗೆಗಿಂತ ಹೆಚ್ಚಾಗಿ ಕಚೇರಿಗೆ ಒಯ್ಯುವ ದಿನದಿನದ ಬುತ್ತಿ. ಸಕ್ಕರೆ ಹಾಕಿಯೇ ಕುದಿಸುವ ಕ್ಯಾಂಟೀನಿನ ಚಹಾ, ಬಡ್ತಿಗೊಂದು ವರ್ಗಾವಣೆಗೊಂದು ಲಡ್ಡು. ಉಪವಾಸದ ಮಾತು ಮಾತ್ರ ಬೇರೆ: ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದಾದ್ದರಿಂದ ಏಕಾದಶಿಗೆ ಮುನ್ನ ವೈದ್ಯರನ್ನು ಕೇಳಲೇಬೇಕು.

ಉಳಿದದ್ದು ಬಡಿಸುವವರ ಪಾಲು. ‘ಒಂದೇ ಒಂದು, ನಮ್ಮನೆಗೆ ಬಂದು ಬೇಡ ಅಂತೀರಾ?’ ಎಂಬ ಉಪಚಾರಕ್ಕೆ ಪಂಕ್ತಿಯ ನಡುವೆ ಕುಳಿತವರು ತಮ್ಮ ರಕ್ತದ ವರದಿಯನ್ನು ಒಪ್ಪಿಸಬೇಕಾಗಿ ಬರಬಾರದು. ಈ ನವೆಂಬರಿನ ರಾಜ್ಯೋತ್ಸವದ ಊಟದಲ್ಲಿ ಕೋಸಂಬರಿಯನ್ನು ಸೌಟಿನಲ್ಲಿ ಬಡಿಸಿ, ಅನ್ನದ ಪಾತ್ರೆಯನ್ನು ಹತ್ತು ನಿಮಿಷ ತಡವಾಗಿ ಹೊರತರೋಣ. ಹೋಳಿಗೆಯೂ ಇರಲಿ, ಅರ್ಧ ಸಾಕೆಂದವರಿಗೆ ಅರ್ಧವನ್ನೇ ಬಡಿಸಿ ಮುಂದಿನ ಎಲೆಗೆ ಸರಿಯೋಣ.