ಸಾವಿರ ಬರೆಯಬಲ್ಲ ಮಗು ಇಪ್ಪತ್ತಕ್ಕೆ ಎಡವುವುದೇಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ಯಾದಗಿರಿ ಜಿಲ್ಲೆ ಒಂದೆರಡು ದಿನ ಸುದ್ದಿಯಲ್ಲಿರುತ್ತದೆ. 2023ರಲ್ಲಿ ರಾಜ್ಯದ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸ್ಥಾನ. 2024ರಲ್ಲೂ ಕೊನೆಯ ಸ್ಥಾನ. ಉತ್ತೀರ್ಣರಾದವರು ಶೇ 50.59. 2025ರಲ್ಲಿ ಆ ಅಪಕೀರ್ತಿ ನೆರೆಯ ಕಲಬುರಗಿಗೆ ದಾಟಿತು ಎಂಬುದಷ್ಟೇ ಸಮಾಧಾನ. ಪ್ರತಿ ಸಲವೂ ನಡೆಯುವುದು ಒಂದೇ: ವರದಿ ಕೇಳುವುದು, ನೋಟಿಸ್ ನೀಡುವುದು, ಹತ್ತನೇ ತರಗತಿಗೆ ಬೆಳಗ್ಗೆ ಸಂಜೆ ವಿಶೇಷ ಪಾಠ ಏರ್ಪಡಿಸುವುದು. ಆದರೆ ಗಣಿತದಲ್ಲಿ ಅನುತ್ತೀರ್ಣನಾದ ಹುಡುಗನ ಸೋಲು ಆರಂಭವಾದದ್ದು ಬಹುಮಟ್ಟಿಗೆ ಒಂದು, ಎರಡನೇ ತರಗತಿಯಲ್ಲಿ, ಅವನು ‘ನೂರ ಐದು’ ಎಂಬುದನ್ನು ಅಂಕಿಯಲ್ಲಿ ಬರೆಯಲು ತೊಡಗಿದಾಗ.

ಯಾವುದೇ ಪ್ರಾಥಮಿಕ ಶಾಲೆಯಲ್ಲಿ ನೂರ ಐದು ಎಂದು ಹೇಳಿ ಬರೆಸಿ ನೋಡಿ. ಕೆಲವರಾದರೂ 1005 ಎಂದು ಬರೆಯುತ್ತಾರೆ. ಇಪ್ಪತ್ತೈದಕ್ಕೆ 205 ಬರೆಯುವವರೂ ಇರುತ್ತಾರೆ. ಇದು ದಡ್ಡತನವಲ್ಲ, ಬಹಳ ತರ್ಕಬದ್ಧವಾದ ತಪ್ಪು. ಕಿವಿಗೆ ‘ನೂರು’ ಕೇಳಿಸಿತು, 100 ಬರೆದರು. ‘ಐದು’ ಕೇಳಿಸಿತು, 5 ಬರೆದರು. ಮಾತಿನಲ್ಲಿ ಸ್ಥಾನಬೆಲೆಗೆ ಹೆಸರಿದೆ. ಬರಹದಲ್ಲಿ ಅದಕ್ಕೆ ಜಾಗ ಮಾತ್ರ ಇದೆ. ಹೆಸರನ್ನು ಜಾಗಕ್ಕೆ ಇಳಿಸುವ ಈ ಹೆಜ್ಜೆಯನ್ನು ಯಾರಾದರೂ ಕೈಹಿಡಿದು ದಾಟಿಸಬೇಕು. ದಾಟಿಸದೆ ಬಿಟ್ಟರೆ ಕೂಡುವ ಕಳೆಯುವ ಲೆಕ್ಕದಿಂದ ಹಿಡಿದು ದಶಮಾಂಶದವರೆಗೆ ಎಲ್ಲವೂ ಉರು ಹೊಡೆಯುವ ವಿದ್ಯೆಯಾಗುತ್ತದೆ.

ಇಲ್ಲಿ ಕನ್ನಡವು ಮಗುವಿಗೆ ಮಾಡುವ ಉಪಕಾರವೊಂದಿದೆ. ಅದು ನಮ್ಮ ಗಮನಕ್ಕೆ ಬಂದಂತಿಲ್ಲ. ನಮ್ಮ ಸಂಖ್ಯಾವಾಚಕಗಳಲ್ಲಿ ಹತ್ತು ಮೊದಲು, ಬಿಡಿ ಆನಂತರ. ನಲವತ್ತೈದು ಎಂದಾಗ ಬಾಯಿಯ ಕ್ರಮವೂ ಕೈಯ ಕ್ರಮವೂ ಒಂದೇ. ಮೂವತ್ತರಲ್ಲಿ ಮೂರು, ಐವತ್ತರಲ್ಲಿ ಐದು, ಅರವತ್ತರಲ್ಲಿ ಆರು ಸ್ಪಷ್ಟವಾಗಿ ಕೇಳಿಸುತ್ತವೆ. ಉರ್ದುವಿನಲ್ಲಿ ಹಾಗಲ್ಲ. ‘ಪೈಂತಾಲೀಸ್’ ಎಂಬಲ್ಲಿ ಐದು ಮೊದಲು ಬರುತ್ತದೆ, ನಲವತ್ತು ಹಿಂದಿನಿಂದ ಬರುತ್ತದೆ. ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯಲ್ಲಿ ಮನೆಮಾತು ಉರ್ದುವಾಗಿರುವ ಮಕ್ಕಳು ಸಾಕಷ್ಟಿದ್ದಾರೆ; ತಾಂಡಾಗಳಿಂದ ಲಂಬಾಣಿ ಮಾತನಾಡುತ್ತ ಬರುವವರಿದ್ದಾರೆ; ಗುರುಮಠಕಲ್ ಕಡೆಗೆ ಹೋದರೆ ತೆಲುಗು. ಒಂದೇ ತಪ್ಪು ಉತ್ತರದ ಹಿಂದೆ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಕೆಂಪು ಶಾಯಿಗೆ ಎಲ್ಲವೂ ಒಂದೇ.

ಕನ್ನಡ ಮಾಡುವ ಉಪಕಾರ ಮಾತಿನ ಮಟ್ಟಕ್ಕೆ ಸರಿ; ಅಕ್ಷರದಲ್ಲಿ ಬರೆಯತೊಡಗಿದೊಡನೆ ಕಥೆ ಬದಲಾಗುತ್ತದೆ. ಒಂದರಿಂದ ನೂರರವರೆಗಿನ ಹೆಸರುಗಳನ್ನು ಸಾಲಾಗಿ ಬರೆದು ಒತ್ತಕ್ಷರ ಇಲ್ಲದವನ್ನು ಎಣಿಸಿದರೆ ಸಿಗುವುದು ಹದಿಮೂರು ಮಾತ್ರ: ಒಂದು, ಎರಡು, ಮೂರು, ಐದರಿಂದ ಎಂಟು, ಹದಿಮೂರು, ಹದಿನೈದರಿಂದ ಹದಿನೆಂಟು, ಕೊನೆಗೆ ನೂರು. ಉಳಿದ ಎಂಬತ್ತೇಳಕ್ಕೂ ಒತ್ತಕ್ಷರ ಬೇಕೇ ಬೇಕು. ಇಪ್ಪತ್ತರಿಂದ ತೊಂಬತ್ತೊಂಬತ್ತರವರೆಗೆ ಒಂದಕ್ಕೂ ವಿನಾಯಿತಿ ಇಲ್ಲ. ಬರವಣಿಗೆಯ ದೃಷ್ಟಿಯಿಂದ ಮಗುವಿಗೆ ‘ಸಾವಿರ’ ಸುಲಭ, ‘ಇಪ್ಪತ್ತು’ ಕಷ್ಟ. ಭಾಷಾ ಪಾಠದಲ್ಲಿ ರ, ಗ, ಸ, ದ, ಅ ಎಂದು ಸರಳ ಅಕ್ಷರಗಳಿಂದ ಆರಂಭಿಸುವ ನಲಿ-ಕಲಿಯಲ್ಲಿ ಒತ್ತಕ್ಷರದ ಸರದಿ ಬರುವುದು ಬಹಳ ನಂತರ. ಹೀಗಿರುವಾಗ ಗಣಿತದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಅಂಕಿ, ಬಲಕ್ಕೆ ಅಕ್ಷರ ಎಂದು ಗೆರೆ ಹಾಕಿ ನೂರರವರೆಗೆ ಬರೆಸಿದರೆ ಮಗು ಮಾಡಬಹುದಾದದ್ದು ನಕಲು ಮಾತ್ರ. ಇದಕ್ಕೆ ಆಡುಮಾತಿನ ಸಮಸ್ಯೆಯೂ ಸೇರಿಕೊಳ್ಳುತ್ತದೆ. ಒಂದ, ಎರಡ, ಮೂರ, ನಾಕ ಎಂದು ಎಣಿಸುವ ಸುರಪುರದ ಮಗು ‘ನಾಕು’ ಎಂದು ಬರೆದರೆ ಅದಕ್ಕೆ ನಾಲ್ಕು ಎಂದರೇನು ಎಂಬುದು ತಿಳಿದಿಲ್ಲವೆಂದು ಅರ್ಥವೇ?

ಅಂಕಿ ಮತ್ತು ಅಕ್ಷರ ಎರಡು ಬೇರೆ ವಿದ್ಯೆಗಳು ಎಂಬುದನ್ನು ನಾವು ಒಪ್ಪಿಕೊಳ್ಳದಿರುವುದೇ ತೊಂದರೆಯ ಮೂಲ. ಒಂದೇ ಕೋಷ್ಟಕದಲ್ಲಿ ಎರಡನ್ನೂ ಬರೆಸಿ ಒಂದೇ ಅಂಕ ಕೊಡುವುದರಿಂದ ಎರಡು ಬಗೆಯ ಅನ್ಯಾಯವಾಗುತ್ತದೆ. ಎಣಿಕೆ ಚೆನ್ನಾಗಿ ಬಲ್ಲ ಮಗು ಕಾಗುಣಿತದ ಕಾರಣಕ್ಕೆ ಗಣಿತದಲ್ಲಿ ಹಿಂದುಳಿದಿದೆ ಎನಿಸಿಕೊಳ್ಳುತ್ತದೆ. ಅಂದವಾಗಿ ನಕಲು ಮಾಡುವ ಮಗು ಮುಂದಿನ ತರಗತಿಗೆ ಹೋಗುತ್ತದೆ, 1005 ಅದರ ಜೊತೆಗೇ ಹೋಗುತ್ತದೆ.

ಹಾಗೆಂದು ಅಕ್ಷರದಲ್ಲಿ ಬರೆಯುವುದೇ ಬೇಡ ಎನ್ನುವ ವಾದವನ್ನು ಒಪ್ಪಲಾಗದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸವಿದ್ದರೆ ಅಕ್ಷರದಲ್ಲಿ ಬರೆದ ಮೊತ್ತವೇ ಊರ್ಜಿತ. ಅಂಕಿಗೆ ಒಂದು ಸೊನ್ನೆ ಸೇರಿಸುವುದು ಸುಲಭ, ಅಕ್ಷರಕ್ಕೆ ಅಷ್ಟು ಸುಲಭವಲ್ಲ. ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿಗೆ ಮುಂಗಡದ ಚೀಟಿಯಲ್ಲಿ ಏನು ಬರೆದಿದೆ ಎಂದು ಓದಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು. 2011ರ ಜನಗಣತಿಯಂತೆ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಅನೇಕ ಮನೆಗಳಲ್ಲಿ ಆ ಒಬ್ಬರು ಶಾಲೆಗೆ ಹೋಗುವ ಮಗುವೇ ಆಗಿರುತ್ತದೆ.

ಈ ನೆಲಕ್ಕೆ ಸಂಖ್ಯೆ ಹೊಸದೇನಲ್ಲ. ಯಾದಗಿರಿಯ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಒಂಬತ್ತನೇ ಶತಮಾನದ ಆ ವಿದ್ವಾಂಸನಿಗೆ ಹೆಸರು ಮತ್ತು ಸ್ಥಾನಗಳ ಸಂಬಂಧವೇ ಗಣಿತದ ಹೊಸ್ತಿಲಾಗಿತ್ತು. ಈ ಹೆಮ್ಮೆಯನ್ನು ಉತ್ಸವದ ಭಾಷಣಗಳಿಗೆ ಬಿಟ್ಟುಕೊಟ್ಟಿದ್ದೇವೆ.

ಪ್ರಯತ್ನಗಳೇ ನಡೆದಿಲ್ಲ ಎಂದು ದೂರುವುದು ತಪ್ಪಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ 2009-10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿತು. ಮಗು ಬಿಟ್ಟಲ್ಲಿಂದಲೇ ಮುಂದುವರಿಯಲು ಅವಕಾಶವಿರುವ ಅದರ ‘ಕಲಿಕಾ ಏಣಿ’ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಶಾಲೆ ತಪ್ಪಿಸುವ ಮಕ್ಕಳಿಗೆಂದೇ ರೂಪಿಸಿದಂತಿದೆ. ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಈ ಶತಮಾನದ ಮೊದಲ ದಶಕದಲ್ಲೇ ಮಕ್ಕಳಸ್ನೇಹಿ ಶಾಲೆಯ ಪ್ರಯೋಗ ನಡೆಸಿತು. ಅಕ್ಷರ ಫೌಂಡೇಷನ್ ರೂಪಿಸಿದ ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆಯಲ್ಲಿ ಮಣಿಕಟ್ಟು, ಹತ್ತರ ದಿಂಡುಗಳು ಎಲ್ಲವೂ ಇವೆ. ಆದರೆ ಅದು ಮುಖ್ಯವಾಗಿ ತಲುಪುವುದು ನಾಲ್ಕು, ಐದನೇ ತರಗತಿಯ ಮಕ್ಕಳನ್ನು. ತಪ್ಪು ಬೇರುಬಿಟ್ಟು ಎರಡು ವರ್ಷವಾದ ಮೇಲೆ!

2021ರಲ್ಲಿ ಆರಂಭವಾದ ಕೇಂದ್ರದ ‘ನಿಪುಣ್ ಭಾರತ್’ ಗುರಿಗಳ ಪ್ರಕಾರ ಒಂದನೇ ತರಗತಿಯ ಮಗು 99ರವರೆಗೆ, ಎರಡರಲ್ಲಿ 999ರವರೆಗೆ, ಮೂರರಲ್ಲಿ 9999ರವರೆಗೆ ಓದಿ ಬರೆಯಬೇಕು. ಗುರಿ ತಪ್ಪೇನಲ್ಲ. ಆದರೆ ‘ಬರೆಯುವುದು’ ಎಂದರೆ ಅಂಕಿಯಲ್ಲೋ ಅಕ್ಷರದಲ್ಲೋ ಎಂಬುದನ್ನು ಕನ್ನಡದ ಸಂದರ್ಭದಲ್ಲಿ ಬಿಡಿಸಿ ಹೇಳುವ ಹೊಣೆ ರಾಜ್ಯದ್ದು. ಒಂದನೇ ತರಗತಿಯಲ್ಲಿ ಅಂಕಿ ಬರೆಯಲಿ, ಹೆಸರನ್ನು ಬಾಯಲ್ಲಿ ಹೇಳಲಿ, ಓದಿ ಗುರುತಿಸಲಿ. ಒತ್ತಕ್ಷರದ ಪಾಠ ಬಂದಾಗ ಇಪ್ಪತ್ತು, ಮೂವತ್ತುಗಳನ್ನೇ ಅದಕ್ಕೆ ಉದಾಹರಣೆಯಾಗಿ ಬಳಸಲಿ. ತಕಾರದ ಒತ್ತಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಹತ್ತೊಂಬತ್ತರಲ್ಲಿ ‘ಹದಿ’ ಮಾಯವಾಗುವುದನ್ನು ತಮಾಷೆಯಾಗಿ ತೋರಿಸಬಹುದು.

ಇದಕ್ಕೆ ಹೆಚ್ಚಿನ ಹಣವೇನೂ ಬೇಡ. ಹೊಲದಲ್ಲಿ ಸಿಗುವ ತೊಗರಿ ಕಡ್ಡಿಗಳನ್ನು ಹತ್ತು ಹತ್ತರಂತೆ ಕಟ್ಟಿದರೆ ಹತ್ತು, ಬಿಡಿ ಎಂಬ ಭೇದ ಕೈಗೇ ಸಿಗುತ್ತದೆ. ರಟ್ಟಿನ ಚೀಟಿಗಳಲ್ಲಿ 100, 20, 5 ಎಂದು ಬರೆದು, ಬಲತುದಿ ಹೊಂದುವಂತೆ ಒಂದರ ಮೇಲೊಂದು ಇಡಿಸಬೇಕು. 100ರ ಚೀಟಿಯ ಕೊನೆಯ ಸೊನ್ನೆಯ ಮೇಲೆ 5 ಕುಳಿತೊಡನೆ 105 ಕಾಣುತ್ತದೆ. 1005 ಏಕೆ ತಪ್ಪೆಂದು ವಿವರಿಸಬೇಕಾಗಿಯೇ ಇಲ್ಲ. ಬೇಕಾಗಿರುವುದು ಇದನ್ನು ಮಾಡಿಸಲು ತರಗತಿಯಲ್ಲೊಬ್ಬ ಶಿಕ್ಷಕ. ಹುದ್ದೆಗಳು ಖಾಲಿ ಬಿದ್ದು, ಮೂರು ತರಗತಿಗಳನ್ನು ಒಬ್ಬರೇ ನಿಭಾಯಿಸುತ್ತ, ನಡುವೆ ಸಮೀಕ್ಷೆ, ಗಣತಿಗಳಿಗೆ ಓಡುವ ಶಿಕ್ಷಕಿಯಿಂದ ಪ್ರತಿ ಮಗುವಿನ ತಪ್ಪಿನ ಹಿಂದಿನ ಕಾರಣ ಹುಡುಕುವ ತಾಳ್ಮೆಯನ್ನು ನಿರೀಕ್ಷಿಸುವುದು ಕಷ್ಟ. ಸಂವಿಧಾನದ 371 (ಜೆ) ವಿಧಿ ಜಾರಿಗೆ ಬಂದು ದಶಕ ಕಳೆದಿದೆ. ಕಲ್ಯಾಣ ಕರ್ನಾಟಕದ ಅನುದಾನದ ಚರ್ಚೆಯಲ್ಲಿ ಕೊಠಡಿಗಳ ಸಂಖ್ಯೆಗೆ ಸಿಗುವ ಮಹತ್ವ ಮೊದಲ ಎರಡು ತರಗತಿಗಳ ಶಿಕ್ಷಕರಿಗೆ ಸಿಗುವುದು ಯಾವಾಗ?

ಪರಿಶೀಲನೆಗೆ ಬರುವ ಅಧಿಕಾರಿಗಳು ಅಂದವಾದ ನೋಟ್‌ಬುಕ್ಕುಗಳನ್ನು ಬದಿಗಿಟ್ಟು ಎರಡು, ಮೂರನೇ ತರಗತಿಯ ಮಕ್ಕಳಿಗೆ ನಾಲ್ಕೇ ಸಂಖ್ಯೆಗಳನ್ನು ಹೇಳಿ ಅಂಕಿಯಲ್ಲಿ ಬರೆಸಲಿ: ನೂರ ಐದು, ನೂರ ಐವತ್ತು, ಐನೂರ ಒಂದು, ಐನೂರ ಹತ್ತು. ಹತ್ತಿ ಹಂಗಾಮು ಮುಗಿದು ಮಕ್ಕಳು ಶಾಲೆಗೆ ಮರಳಿದ ಮೊದಲ ವಾರ ಇದಕ್ಕೆ ತಕ್ಕ ಕಾಲ. ಐದು ನಿಮಿಷದ ಕೆಲಸ.