ಕನ್ನಡಕ ಹಂಚಿದ ಮೂರು ತಿಂಗಳ ಮೇಲೆ

ಶಾಲೆಯಲ್ಲಿ ಮಕ್ಕಳ ಕಣ್ಣು ಪರೀಕ್ಷಿಸಲು ಬೇಕಾಗುವ ಸಾಮಾನು ಬಹಳ ಕಡಿಮೆ: ಒಂದು ಅಕ್ಷರಫಲಕ, ಆರು ಮೀಟರ್ ಅಳೆಯಲು ಟೇಪು, ಬೆಳಕು ಚೆನ್ನಾಗಿ ಬೀಳುವ ವರಾಂಡ, ತರಬೇತಿ ಪಡೆದ ಒಬ್ಬ ಮೇಷ್ಟ್ರು. ನೆದರ್ಲೆಂಡ್ಸಿನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಫಲಕ ಇಂದಿಗೂ ಬಳಕೆಯಲ್ಲಿದೆ. ಓದಲು ಬಾರದ ಮಗುವಿಗೆ ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಫಲಕ ಉಂಟು. ಅದರ ಬಾಯಿ ಯಾವ ಕಡೆಗಿದೆ ಎಂದು ಮಗು ಕೈ ತೋರಿಸಿದರಾಯಿತು.

ಸಾಮಾನು ಸರಳವೆಂದು ಕೆಲಸವನ್ನು ಹಗುರಾಗಿ ಎಣಿಸುವಂತಿಲ್ಲ. ಬೆರಳ ಸಂದಿಯಿಂದ ಇಣುಕಿದ ಮಗು ಒಂದು ಕಣ್ಣಿನ ಕೊರತೆಯನ್ನು ಸಲೀಸಾಗಿ ಮುಚ್ಚಿಟ್ಟುಬಿಡುತ್ತದೆ. ಸಾಲಿನಲ್ಲಿ ಕಾಯುವವರು ಮುಂದಿನವರ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ (ಈ ವಿದ್ಯೆಯನ್ನು ಶಾಲೆಯೇ ಕಲಿಸಿದೆಯಲ್ಲ!). ಒಂದು ಕಣ್ಣಿನ ದೃಷ್ಟಿ ಹಿಂದುಳಿಯುವ ‘ಸೋಮಾರಿ ಕಣ್ಣು’ ತಪಾಸಣೆಯಲ್ಲಿ ತಪ್ಪಿಹೋಗುವುದು ಹೀಗೆಯೇ. ಏಳೆಂಟು ವರ್ಷದೊಳಗೆ ಹಿಡಿದರೆ ಅದಕ್ಕೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ, ತಡವಾದಷ್ಟೂ ಕಷ್ಟ.

ಯೋಜನೆಗಳಿಗೇನೂ ಬರವಿಲ್ಲ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಷ್ಟು ಹಳೆಯದು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೊಮ್ಮೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗಿ ಕಣ್ಣನ್ನೂ ನೋಡಬೇಕು. ಆದರೆ ವರದಿಗಳಲ್ಲಿ ಮೆರೆಯುವುದು ಎಷ್ಟು ಮಕ್ಕಳ ತಪಾಸಣೆಯಾಯಿತು, ಎಷ್ಟು ಕನ್ನಡಕ ಹಂಚಲಾಯಿತು ಎಂಬ ಲೆಕ್ಕ. ಆ ಕನ್ನಡಕ ಈಗ ಎಲ್ಲಿದೆ? ಮೂಗಿನ ಮೇಲೋ, ಬ್ಯಾಗಿನ ತಳದಲ್ಲೋ?

ಬೆಂಗಳೂರು ಸುತ್ತಮುತ್ತಲ ಸರ್ಕಾರಿ ಶಾಲೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತ್ತು. 11ರಿಂದ 15 ವರ್ಷದ 23 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, ಕನ್ನಡಕ ಬೇಕಾದವರಲ್ಲಿ ಕೆಲವರಿಗೆ ಅಳತೆಗೆ ಮಾಡಿಸಿದ್ದನ್ನೂ ಉಳಿದವರಿಗೆ ಅಗ್ಗದ ಸಿದ್ಧ ಕನ್ನಡಕವನ್ನೂ ಕೊಟ್ಟರು. ಮೂರು-ನಾಲ್ಕು ತಿಂಗಳ ನಂತರ ಮುಂಚೆ ತಿಳಿಸದೆ ಶಾಲೆಗೆ ಹೋಗಿ ನೋಡಿದರೆ, ಎರಡೂ ಗುಂಪಿನಲ್ಲಿ ನಾಲ್ವರಲ್ಲಿ ಸುಮಾರು ಮೂವರ ಬಳಿ ಕನ್ನಡಕವಿತ್ತು. ಅಗ್ಗದ್ದು ಸೋಲಲಿಲ್ಲ. ಎರಡೂ ಕಣ್ಣಿನ ನಂಬರ್ ಹೆಚ್ಚುಕಡಿಮೆ ಒಂದೇ ಇದ್ದರೆ ಸಿದ್ಧ ಕನ್ನಡಕ ಸಾಕು, ಅಲ್ಲೇ ಕೈಗಿಡಬಹುದು. ಆದರೂ ಅಷ್ಟು ಅಚ್ಚುಕಟ್ಟಾದ ಅಧ್ಯಯನದಲ್ಲೂ ನಾಲ್ಕರಲ್ಲಿ ಒಂದು ಮಗು ಜಾರಿಹೋಯಿತು.

ಕಾರಣಗಳು ಊಹೆಗೆ ನಿಲುಕದವೇನಲ್ಲ. ತರಗತಿಯಲ್ಲಿ ‘ಸೋಡಾಬುಡ್ಡಿ’ ಎಂಬ ಲೇವಡಿ. ಮನೆಯಲ್ಲಿ ‘ಹಾಕಿದರೆ ನಂಬರ್ ಜಾಸ್ತಿಯಾಗುತ್ತೆ’ ಎಂಬ ನಂಬಿಕೆ. ಮೈ ಬೆಳೆದಂತೆ ಕಣ್ಣುಗುಡ್ಡೆಯೂ ಬೆಳೆದು ಸಮೀಪದೃಷ್ಟಿ ಹೆಚ್ಚುತ್ತದೆ, ಅದರ ದೂರು ಮಾತ್ರ ಕನ್ನಡಕದ ಮೇಲೆ. ಹೆಣ್ಣುಮಗಳಾದರೆ ಮದುವೆಯ ಚಿಂತೆ ಬೇರೆ. ಇವ್ಯಾವುದನ್ನೂ ಅಕ್ಷರಫಲಕ ಅಳೆಯುವುದಿಲ್ಲ.

ಮನೆಯವರನ್ನು ಒಪ್ಪಿಸುವ ಸಾಧನವೂ ತಪಾಸಣೆಯ ಭಾಗವೇ ಎಂಬುದನ್ನು ಕೀನ್ಯಾ ತೋರಿಸಿದೆ. ಅಲ್ಲಿನ ಟ್ರಾನ್ಸ್ ನ್ಜೋಯಾದ 50 ಶಾಲೆಗಳಲ್ಲಿ ‘ಪೀಕ್’ ಎಂಬ ಮೊಬೈಲ್ ವ್ಯವಸ್ಥೆಯನ್ನು ಹಳೆಯ ಪದ್ಧತಿಯೊಂದಿಗೆ ಹೋಲಿಸಿ ನೋಡಿದರು. ಮಗುವಿಗೆ ಲೋಕ ಎಷ್ಟು ಮಸುಕಾಗಿ ಕಾಣುತ್ತದೆ ಎಂಬುದರ ಚಿತ್ರವನ್ನು ಅದು ಒದಗಿಸುತ್ತಿತ್ತು. ಪೋಷಕರ ಫೋನಿಗೆ ನೆನಪಿನ ಸಂದೇಶವೂ ಹೋಗುತ್ತಿತ್ತು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮುಂದಿನ ತಪಾಸಣೆಗೆ ಕಳಿಸಿದ ಮಕ್ಕಳಲ್ಲಿ ಹಳೆಯ ಪದ್ಧತಿಯಲ್ಲಿ ಆಸ್ಪತ್ರೆ ಮುಟ್ಟಿದವರು ಶೇ 22, ಪೀಕ್ ಬಳಸಿದಲ್ಲಿ ಶೇ 54.

ಆದ್ದರಿಂದ ಸರ್ಕಾರ ನಿಯಮಕ್ಕೆ ಸೇರಿಸಬೇಕಾದ್ದು ಎರಡನೆಯ ಭೇಟಿ. ಜೂನ್-ಜುಲೈಯಲ್ಲಿ ತಪಾಸಣೆ ಮಾಡಿದ ತಂಡ ದಸರಾ ರಜೆ ಮುಗಿದ ಮೇಲೆ, ಹೇಳದೆ ಕೇಳದೆ, ಕನ್ನಡಕ ಕೊಟ್ಟ ಮಕ್ಕಳನ್ನಷ್ಟೇ ನೋಡಿ ಬರಲಿ. ಹೋಗುವಾಗ ಮುರಿದದ್ದಕ್ಕೆ ಬದಲು ಕೊಡಲು ನಾಲ್ಕಾರು ಫ್ರೇಮು ಜೊತೆಗಿರಲಿ. ಮೂಗಿನ ಮೇಲೆ ಕಂಡ ಕನ್ನಡಕಗಳ ಎಣಿಕೆಯನ್ನು, ಹಂಚಿದ ಎಣಿಕೆಯ ಪಕ್ಕದಲ್ಲೇ, ಜಿಲ್ಲಾವಾರು ಪ್ರಕಟಿಸಲಿ.