ನೈಟಿ ಮಾರಾಟದ ರಿಯಾಯಿತಿ ಯಾರ ಕೂಲಿಯಿಂದ?

ಗುಜರಾತಿನಲ್ಲಿ ನೈಟಿಗೆ ‘ಗೌನ್’ ಎನ್ನುತ್ತಾರೆ. ಹೆಸರು ಬೇರೆ, ಬಳಕೆ ನಮ್ಮದೇ. ಮಲಗಲೆಂದು ಕೊಂಡದ್ದು ಬೆಳಿಗ್ಗೆ ಹಾಲು ತರುವುದಕ್ಕೂ, ತರಕಾರಿ ಗಾಡಿಯವನ ಜೊತೆ ಚೌಕಾಸಿಗೂ, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸುವುದಕ್ಕೂ ಒದಗುತ್ತದೆ. ಮೇಲೊಂದು ದುಪಟ್ಟಾ ಇದ್ದರಾಯಿತು. ಅಷ್ಟು ಹೊತ್ತು ಮೈಮೇಲಿರುವ ಬಟ್ಟೆಗೆ ಮುನ್ನೂರಕ್ಕಿಂತ ಹೆಚ್ಚು ಕೊಡಲು ಮಾತ್ರ ನಮಗೆ ಮನಸ್ಸು ಬರುವುದಿಲ್ಲ.

ವಡೋದರಾದಲ್ಲಿರುವ ನನ್ನ ಅತ್ತಿಗೆ ನಾಲ್ಕು ವರ್ಷಗಳಿಂದ ಆನ್‌ಲೈನಿನಲ್ಲಿ ನೈಟಿ, ಪೈಜಾಮ ಮಾರುತ್ತಿದ್ದಾರೆ. ಹೊಲಿಯುವವರು ಅದೇ ಬಡಾವಣೆಯ ಮೂವರು ಹೆಂಗಸರು. ಎಕ್ಸೆಲ್ ಹಾಳೆ ನೋಡಿಕೊಳ್ಳುವುದು ನನ್ನ ಭಾನುವಾರದ ಕೆಲಸ. ಸಾಫ್ಟ್‌ವೇರ್ ಕೆಲಸದ ಬದಿಗೆ ಇಂಥದ್ದೊಂದು ಶುರು ಮಾಡಬಹುದೇ ಎಂದು ಕೇಳುವ ಗೆಳೆಯರಿಗಾಗಿ ಆ ಹಾಳೆಯಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಟ್ಟೆ. ಅಗ್ಗ ಎಂದೊಡನೆ ಎಲ್ಲರ ಬಾಯಲ್ಲೂ ಸೂರತ್. ಆದರೆ ಸೂರತ್ತಿನ ಬಲ ಇರುವುದು ಪಾಲಿಯೆಸ್ಟರಿನಂಥ ಕೃತಕ ನೂಲಿನಲ್ಲಿ. ಅಲ್ಲಿಯ ರಿಂಗ್ ರೋಡ್ ಮಾರುಕಟ್ಟೆಗಳಲ್ಲಿ ಸೀರೆ, ಡ್ರೆಸ್ ಮೆಟೀರಿಯಲ್ ರಾಶಿ ಬಿದ್ದಿರುತ್ತದೆ. ಸ್ಯಾಟಿನ್ ನೈಟ್ ಸೂಟಿಗೂ ಅದು ಸರಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಅಡುಗೆಮನೆಯಲ್ಲಿ ನಿಲ್ಲುವವರಿಗೆ ಬೇಕಾದದ್ದು ಹತ್ತಿ. ಅದಕ್ಕೆ ಅಹಮದಾಬಾದಿಗೆ ಹೋಗಬೇಕು. ರಣಛೋಡ್‌ಲಾಲ್ ಛೋಟಾಲಾಲ್ 1861ರಲ್ಲಿ ಅಲ್ಲಿ ಮೊದಲ ಹತ್ತಿ ಗಿರಣಿ ನಡೆಸತೊಡಗಿದರು. ಹಳೆಯ ಗಿರಣಿಗಳಲ್ಲಿ ಬಹುಪಾಲು ಮುಚ್ಚಿದರೂ ಬಟ್ಟೆ ವ್ಯಾಪಾರ ನಿಂತಿಲ್ಲ. ವಡೋದರಾದಿಂದ ಸುಮಾರು 110 ಕಿಲೋಮೀಟರ್. ಬೆಳಿಗ್ಗೆ ಹೋದರೆ ಸಂಜೆಗೆ ಥಾನುಗಳೊಂದಿಗೆ ವಾಪಸ್ ಬರಬಹುದು. ತಂದ ಬಟ್ಟೆಯನ್ನು ಅತ್ತಿಗೆ ನೇರವಾಗಿ ಕತ್ತರಿಸುವುದಿಲ್ಲ. ನೀರಿನಲ್ಲಿ ನೆನೆಸಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿ.

ಇನ್ನು ತೆರಿಗೆ. ಸರಕು ಮಾರುವ ಸಣ್ಣ ವ್ಯಾಪಾರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬುದು ಎಲ್ಲರಿಗೂ ಗೊತ್ತು. 2023ರ ಅಕ್ಟೋಬರ್ 1ರಿಂದ ಇಂಥವರು ನೋಂದಣಿ ಇಲ್ಲದೆ, ಬರೀ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಆನ್‌ಲೈನ್ ತಾಣಗಳಲ್ಲೂ ಮಾರಬಹುದು. ಆದರೆ ಈ ಸೌಲಭ್ಯ ರಾಜ್ಯದ ಒಳಗಿನ ಮಾರಾಟಕ್ಕೆ ಮಾತ್ರ. ವಡೋದರಾದಿಂದ ಸೂರತ್ತಿಗೆ ಕಳಿಸಿದರೆ ಸರಿ. ಬೆಂಗಳೂರಿನ ಚಿಕ್ಕಮ್ಮನಿಗೆ ಒಂದೇ ಒಂದು ನೈಟಿ ಮಾರಬೇಕಾದರೂ ನೋಂದಣಿ ಬೇಕು. ಹೊರನಾಡ ಕನ್ನಡಿಗರ ಗಿರಾಕಿಗಳು ಹೆಚ್ಚಾಗಿ ಊರಿನವರೇ ಆದ್ದರಿಂದ ಇದನ್ನು ಮೊದಲ ದಿನವೇ ತಿಳಿದಿರಬೇಕು.

ಈಗ ಲೆಕ್ಕ. ನಮ್ಮ ಹಾಳೆಯ ಅಂದಾಜು ಇದು. 499 ರೂಪಾಯಿಯ ಒಂದು ನೈಟಿಯಲ್ಲಿ ಬಟ್ಟೆಗೆ 165, ಹೊಲಿಗೆಗೆ 70, ಜಿಪ್, ದಾರ, ಪ್ಯಾಕಿಂಗಿಗೆ 30, ಕೊರಿಯರಿಗೆ 70, ತಾಣದ ಕಮಿಷನ್ ಮತ್ತು ಜಾಹೀರಾತಿಗೆ 60, ತೆರಿಗೆ 24. ಉಳಿಯುವುದು 80. ಅದೇ ನೈಟಿ ವಾಪಸ್ ಬಂದರೆ ಹೋಗುವ ಬರುವ ಖರ್ಚು, ಹೊಸ ಕವರ್ ಸೇರಿ 140 ರೂಪಾಯಿ ಕೈಬಿಡುತ್ತದೆ. ಹತ್ತು ಕಳಿಸಿ ಎರಡು ವಾಪಸಾದರೆ ಲಾಭ 360. ನಾಲ್ಕು ವಾಪಸಾದರೆ 80 ರೂಪಾಯಿ ನಷ್ಟ. ಬಣ್ಣ, ಡಿಸೈನು, ಇನ್‌ಸ್ಟಾಗ್ರಾಂ ರೀಲು ಎಲ್ಲ ಆಮೇಲೆ. ಇಂಥ ವ್ಯಾಪಾರ ಉಳಿಯುವುದೂ ಮುಳುಗುವುದೂ ವಾಪಸಾತಿಯ ಮೇಲೆ.

ಅದನ್ನು ಕಡಿಮೆ ಮಾಡಲು ಅತ್ತಿಗೆ ಕಂಡುಕೊಂಡದ್ದು ಸರಳ ದಾರಿ. ಎಂ, ಎಲ್, ಎಕ್ಸೆಲ್ ಎಂದು ಬಿಡದೆ ಎದೆಯ ಸುತ್ತಳತೆ, ಭುಜದಿಂದ ಕೆಳಗಿನ ಉದ್ದ, ತೋಳಿನ ಅಗಲವನ್ನು ಇಂಚಿನಲ್ಲಿ ಬರೆಯುತ್ತಾರೆ. ಬಟ್ಟೆಯ ಫೋಟೋ ಬಾಲ್ಕನಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ. ಕ್ಯಾಷ್ ಆನ್ ಡೆಲಿವರಿ ಆರ್ಡರ್ ಬಂದರೆ ಕಳಿಸುವ ಮೊದಲು ಒಂದು ಫೋನ್.

ಹಬ್ಬದ ಸೇಲ್ ಬಂದಾಗ ನಿಜವಾದ ಪರೀಕ್ಷೆ. ಬೇರೆಯವರು 399ಕ್ಕೆ ಇಳಿಸಿರುತ್ತಾರೆ, ನೀವೂ ಇಳಿಸಿ ಎಂದು ಸಂದೇಶ ಬರುತ್ತದೆ. ಆ ನೂರು ರೂಪಾಯಿ ಎಲ್ಲಿಂದ ಬರಬೇಕು? ಬಟ್ಟೆ ಅಂಗಡಿಯವನು ಬಿಡುವುದಿಲ್ಲ. ಕೊರಿಯರಿನವರದು ನಿಗದಿತ ದರ. ಕಮಿಷನ್, ತೆರಿಗೆ ಹೆಚ್ಚೆಂದರೆ ಹತ್ತು ಹದಿನೈದು ರೂಪಾಯಿ ತಗ್ಗಬಹುದು. ಇಡೀ ಹಾಳೆಯಲ್ಲಿ ‘ಸ್ವಲ್ಪ ಕಡಿಮೆ ಮಾಡಿಕೊಳ್ಳಿ’ ಎಂದು ಎದುರು ಕೂತು ಕೇಳಬಹುದಾದ ಸಾಲು ಒಂದೇ: ಹೊಲಿಗೆ 70. ದಿನಕ್ಕೆ ಆರು ನೈಟಿ ಹೊಲಿಯುವ ಹೆಂಗಸಿಗೆ ಅದು 420 ರೂಪಾಯಿ. ಐವತ್ತಕ್ಕೆ ಇಳಿಸಿದರೆ 300. ಅವಳ ಮನೆಯ ಕರೆಂಟು, ಅವಳದೇ ಮಷಿನು, ಅವಳದೇ ಸೂಜಿ.

ಇದು ಹೊಸ ಪ್ರಶ್ನೆಯಲ್ಲ. ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ‘ಸೇವಾ’ ಸಂಘಟನೆ ಕಟ್ಟಿದ್ದು ಇಂಥ, ಮಾಲೀಕರಿಲ್ಲದ, ಹಾಜರಿ ಪುಸ್ತಕವಿಲ್ಲದ ದುಡಿಮೆಯ ಹೆಂಗಸರಿಗಾಗಿ. ಮನೆಯಲ್ಲೇ ಕೂತು ದುಡಿಯುವವರ ಹಕ್ಕಿಗೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೇ ಒಡಂಬಡಿಕೆ ತಂದಿತು. ಭಾರತ ಅದನ್ನು ಅನುಮೋದಿಸಿಲ್ಲ. ಹಾಗಾಗಿ ಆ ಎಪ್ಪತ್ತು ಎಪ್ಪತ್ತಾಗಿಯೇ ಉಳಿಯುವುದು ಕೊಡುವವರ ಮನಸ್ಸಿಗೆ ಬಿಟ್ಟದ್ದು. ಅತ್ತಿಗೆ ಎರಡು ನಿಯಮ ಇಟ್ಟುಕೊಂಡಿದ್ದಾರೆ. ಹೊಲಿದುಕೊಟ್ಟ ದಿನವೇ ಕೂಲಿ, ನೈಟಿ ಮಾರಿ ಹೋಗುವವರೆಗೆ ಕಾಯಿಸುವುದಿಲ್ಲ. ಹೊಲಿಗೆ ದರ ಮುಟ್ಟಬೇಕಾದ ಸೇಲಿಗೆ ಸೇರುವುದಿಲ್ಲ. ದೀಪಾವಳಿಯಲ್ಲಿ ಆರ್ಡರ್ ಕಡಿಮೆಯಾಗುತ್ತದೆ, ನಿಜ. ವರ್ಷದ ಕೊನೆಗೆ ಹಾಳೆಯ ಕೆಳಗೆ ಉಳಿಯುವ ಮೊತ್ತ ನನ್ನ ಎರಡು ತಿಂಗಳ ಸಂಬಳಕ್ಕೂ ಸಮವಲ್ಲ. ಆದರೆ ಮೂವರಲ್ಲಿ ಒಬ್ಬರೂ ಬಿಟ್ಟುಹೋಗಿಲ್ಲ, ಹೊಲಿಗೆ ಬಿಚ್ಚಿತೆಂದು ವಾಪಸ್ ಬಂದದ್ದು ಬೆರಳೆಣಿಕೆಯಷ್ಟು.

ಶುರು ಮಾಡುವವರು ಮೂವತ್ತು ನೈಟಿಗಳಿಂದ ಶುರು ಮಾಡಿ. ಮೊದಲು ಹೊಲಿಗೆಯವರ ದರ ಬರೆದು, ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಕೊಳ್ಳುವವರಲ್ಲೂ ಒಂದು ಮಾತು: ಮೂರು ಸೈಜ್ ತರಿಸಿ ಎರಡನ್ನು ಹಿಂದಿರುಗಿಸುವ ರೂಢಿ ದೊಡ್ಡ ಕಂಪನಿಗೆ ತಟ್ಟದಿರಬಹುದು, ಸಣ್ಣವರಿಗೆ ತಟ್ಟುತ್ತದೆ. ಆರ್ಡರ್ ಒತ್ತುವ ಮೊದಲು, ಮನೆಯಲ್ಲಿ ಸರಿಯಾಗಿ ಕೂರುವ ಹಳೆಯ ನೈಟಿಯೊಂದನ್ನು ಹಾಸಿಗೆಯ ಮೇಲೆ ಹರಡಿ ಟೇಪಿನಲ್ಲಿ ಅಳೆದುಕೊಳ್ಳಿ. ಎರಡು ನಿಮಿಷದ ಕೆಲಸ.